ಖಡ್ಗ ಹಿಡಿಯದ ಮಹಿಳೆಯರ ಚರಿತ್ರೆ: ಮೈಸೂರಿನ ಭಾನುವಾರದ ಶಿಬಿರವೊಂದರ ವಿಮರ್ಶೆ

ಮೈಸೂರಿನ ಕೃಷ್ಣಮೂರ್ತಿಪುರಂನ ಹಳೆಯ ಮನೆಯೊಂದರ ಹಜಾರದಲ್ಲಿ ಕೆಲವು ನಿವೃತ್ತ ಶಿಕ್ಷಕಿಯರೂ ಇತಿಹಾಸದಲ್ಲಿ ಎಂ.ಎ. ಮಾಡಿದ ಯುವ ಅಧ್ಯಾಪಕರೂ ಸೇರಿಕೊಂಡು, ಎಂಟರಿಂದ ಹತ್ತನೆಯ ತರಗತಿಯವರೆಗಿನ ಮಕ್ಕಳಿಗಾಗಿ ಒಂದು ಇತಿಹಾಸ ಶಿಬಿರವನ್ನು ನಡೆಸುತ್ತಿದ್ದಾರೆ. ಪಠ್ಯಪುಸ್ತಕದಲ್ಲಿ ಒಂದು ಸಾಲಿಗಿಂತ ಹೆಚ್ಚು ಜಾಗ ಸಿಗದ, ಹಲವು ವೇಳೆ ಆ ಒಂದು ಸಾಲೂ ಸಿಗದ ಮಹಿಳೆಯರನ್ನು ಪರಿಚಯಿಸುವುದು ಶಿಬಿರದ ಉದ್ದೇಶ. ಒಟ್ಟು ಆರು ಭಾನುವಾರಗಳ ಕಾರ್ಯಕ್ರಮ. ಎರಡು ಬಾರಿ ಬಸ್ಸಿನಲ್ಲಿ ಹೊರಗೆ ಕರೆದೊಯ್ಯುತ್ತಾರೆ. ಮಧ್ಯಾಹ್ನದ ಊಟ, ಬಸ್ಸು ಮತ್ತು ಜೆರಾಕ್ಸ್ ಹಾಳೆಗಳ ಕಡತ ಸೇರಿ ಒಬ್ಬರಿಗೆ 1,500 ರೂಪಾಯಿ ಶುಲ್ಕ. ಸರ್ಕಾರಿ ಶಾಲೆಯ ಮಕ್ಕಳಿಂದ 500 ರೂಪಾಯಿ ಮಾತ್ರ ತೆಗೆದುಕೊಳ್ಳುತ್ತಾರೆ. ಮಂಡ್ಯದ ಸಮೀಪದ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವ ನಾನು ನಮ್ಮ ಒಂಬತ್ತನೆಯ ತರಗತಿಯ ಕೆಲವು ಮಕ್ಕಳನ್ನು ಕರೆದುಕೊಂಡು ಹೋಗಿ, ಹಿಂದಿನ ಬೆಂಚಿನಲ್ಲಿ ಕುಳಿತು ಪೂರ್ತಿ ಶಿಬಿರವನ್ನು ನೋಡಿದ್ದೇನೆ. ಮಕ್ಕಳನ್ನು ಕಳುಹಿಸಬೇಕೆ ಬೇಡವೆ ಎಂದು ಯೋಚಿಸುತ್ತಿರುವ ಪೋಷಕರಿಗೂ ಸಹೋದ್ಯೋಗಿಗಳಿಗೂ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಇತಿಹಾಸದಲ್ಲಿ ನಿಮಗೆ ಗೊತ್ತಿರುವ ಮಹಿಳೆಯರ ಹೆಸರು ಹೇಳಿ ಎಂದು ನಮ್ಮ ಭಾಗದ ಯಾವುದೇ ತರಗತಿಯಲ್ಲಿ ಕೇಳಿದರೂ ಕಿತ್ತೂರು ಚೆನ್ನಮ್ಮ, ಒನಕೆ ಓಬವ್ವ, ರಾಣಿ ಅಬ್ಬಕ್ಕ, ಝಾನ್ಸಿಯ ಲಕ್ಷ್ಮೀಬಾಯಿ ಎಂಬ ಉತ್ತರವೇ ಬರುತ್ತದೆ. ಈ ನಾಲ್ವರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಖಡ್ಗವನ್ನೋ ಒನಕೆಯನ್ನೋ ಹಿಡಿದು ನಿಂತರೆ ಮಾತ್ರ ಹೆಣ್ಣಿಗೆ ಚರಿತ್ರೆಯಲ್ಲಿ ಜಾಗ ಎಂಬ ತಿಳಿವಳಿಕೆ ಹದಿನಾಲ್ಕರ ಪ್ರಾಯದಲ್ಲಿ ಮನಸ್ಸಿನಲ್ಲಿ ಕೂತುಬಿಟ್ಟರೆ, ಕಾಗದ ಬರೆದವಳು, ಪತ್ರಿಕೆ ನಡೆಸಿದವಳು, ಹೆರಿಗೆ ಮಾಡಿಸಿದವಳು, ಪಾಠ ಹೇಳಿದವಳು ಯಾರೂ ಮಕ್ಕಳ ಕಣ್ಣಿಗೆ ಬೀಳುವುದಿಲ್ಲ. ಇದಕ್ಕೆ ಪರಿಹಾರವೆಂದು ಹಲವು ಶಾಲೆಗಳಲ್ಲಿ ಮಹಿಳಾ ದಿನಾಚರಣೆಯಂದು ಇನ್ನಷ್ಟು ಸಾಧಕಿಯರ ಹೆಸರುಗಳನ್ನು ಓದಿ ಹೇಳುವುದುಂಟು. ಪಟ್ಟಿ ಉದ್ದವಾಗುತ್ತದೆ, ಮಕ್ಕಳು ಆಕಳಿಸುತ್ತಾರೆ. ಈ ಶಿಬಿರದವರು ಆ ದಾರಿ ಹಿಡಿದಿಲ್ಲ. ಮೊದಲು ಒಂದು ದಾಖಲೆಯನ್ನು ಕೈಗೆ ಕೊಟ್ಟು, ಇದನ್ನು ಬರೆದವರು ಯಾರು, ಯಾವಾಗ, ಯಾರಿಗಾಗಿ ಎಂದು ಮಕ್ಕಳಿಂದಲೇ ಉತ್ತರ ಹುಡುಕಿಸಿ, ಆಮೇಲೆ ಕಥೆ ಹೇಳುತ್ತಾರೆ. ಶಿಬಿರದ ಗುಣವೆಲ್ಲ ಈ ಕ್ರಮದಲ್ಲಿದೆ ಎಂದು ನನ್ನ ಅಭಿಪ್ರಾಯ. ಅದರ ಕೊರತೆಗಳು ಕಾಣಿಸಿಕೊಂಡದ್ದು ಈ ಕ್ರಮವನ್ನು ಬಿಟ್ಟ ಕಡೆಗಳಲ್ಲಿ.

ಮೊದಲ ಭಾನುವಾರ ಶ್ರೀರಂಗಪಟ್ಟಣಕ್ಕೆ ಹೋದೆವು. ಆ ಊರಿಗೆ ಪ್ರವಾಸ ಹೋಗದ ಮಗು ನಮ್ಮ ಜಿಲ್ಲೆಯಲ್ಲಿ ಇಲ್ಲ. ಆದರೆ ಅಲ್ಲಿ ದಶಕಗಳ ಕಾಲ ಅರಮನೆಯೊಳಗೆ ಕಾವಲಿನಲ್ಲಿದ್ದುಕೊಂಡೇ ರಾಜಕಾರಣ ನಡೆಸಿದ ರಾಣಿ ಲಕ್ಷ್ಮಮ್ಮಣ್ಣಿಯವರ ಹೆಸರು ನಮ್ಮ ಗುಂಪಿನ ಯಾವ ಮಗುವಿಗೂ ಗೊತ್ತಿರಲಿಲ್ಲ. 1742ರಲ್ಲಿ ಹುಟ್ಟಿದ ಇವರು ಇಮ್ಮಡಿ ಕೃಷ್ಣರಾಜ ಒಡೆಯರ ಪತ್ನಿ. 1766ರಲ್ಲಿ ಪತಿ ತೀರಿಕೊಂಡಾಗ ರಾಜ್ಯದ ಅಧಿಕಾರವೆಲ್ಲ ಹೈದರಾಲಿಯ ಕೈಯಲ್ಲಿತ್ತು. ಒಡೆಯರು ಹೆಸರಿಗೆ ಮಾತ್ರ ಅರಸರಾಗಿದ್ದರು. ರಾಜ್ಯವನ್ನು ಒಡೆಯರ ಮನೆತನಕ್ಕೆ ಮರಳಿ ದೊರಕಿಸಬೇಕೆಂದು ರಾಣಿಯವರು ಪ್ರಧಾನ ತಿರುಮಲರಾಯರ ಮೂಲಕ ಮದರಾಸಿನ ಕಂಪನಿ ಸರ್ಕಾರದೊಡನೆ ಗುಟ್ಟಾಗಿ ಮಾತುಕತೆ ನಡೆಸಿದರು. 1782ರ ಅಕ್ಟೋಬರ್‌ನಲ್ಲಿ ತಂಜಾವೂರಿನಲ್ಲಿ ಅವರ ಪರವಾಗಿ ಒಪ್ಪಂದವೂ ಆಯಿತು. ಆ ಪ್ರಯತ್ನಕ್ಕೆ ಫಲ ಸಿಕ್ಕಿದ್ದು 17 ವರ್ಷಗಳ ನಂತರ, 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ. ಜೂನ್ 30ರಂದು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟವಾದಾಗ, ಅಜ್ಜಿಯ ಸ್ಥಾನದಲ್ಲಿ ನಿಂತು ಆ ಮಗುವಿನ ಹೊಣೆ ಹೊತ್ತವರೂ ಲಕ್ಷ್ಮಮ್ಮಣ್ಣಿಯವರೇ.

ಈ ಕಥೆಯನ್ನು ಕಲಿಸುವುದು ಸುಲಭವಲ್ಲವೆಂದು ಇತಿಹಾಸದ ಪಾಠ ಮಾಡುವವರಿಗೆಲ್ಲ ಗೊತ್ತು. ಅಂದೂ ಹಾಗೆಯೇ ಆಯಿತು. ರಾಣಿಯವರ ಹೆಸರು ಬಂದ ಸ್ವಲ್ಪ ಹೊತ್ತಿಗೇ ಇಬ್ಬರು ಹುಡುಗರು ಟಿಪ್ಪುವಿನ ಪರ ಒಬ್ಬ, ವಿರೋಧ ಒಬ್ಬ ಎಂದು ವಾದಕ್ಕೆ ನಿಂತರು. ಪಾಠ ಹೇಳುತ್ತಿದ್ದ ಶಿಕ್ಷಕಿ ಇಬ್ಬರನ್ನೂ ಗದರಲಿಲ್ಲ. "ಟಿಪ್ಪು ವಿಷಯ ಇನ್ನೊಂದು ದಿನ ಕೂತು ಮಾತಾಡೋಣಪ್ಪ. ಇವತ್ತು ಲಕ್ಷ್ಮಮ್ಮಣ್ಣಿಯವರು ಏನು ಮಾಡಿದರು, ಅದಕ್ಕೆ ಯಾವ ಕಾಗದ ಉಳಿದಿದೆ, ಅದನ್ನು ನೋಡೋಣ" ಎಂದು ಹೇಳಿ, 1799ರಲ್ಲಿ ಇಬ್ಬರು ರಾಣಿಯರ ಹೆಸರಿನಲ್ಲಿ ಇಂಗ್ಲಿಷ್ ಆಯುಕ್ತರಿಗೆ ಹೋದ ಪತ್ರದ ಭಾಗವನ್ನು ಓದಲು ಕೊಟ್ಟರು. ವಾದ ಅಲ್ಲಿಗೆ ನಿಂತು ಮಕ್ಕಳು ಓದತೊಡಗಿದರು. ಹೆಣ್ಣೊಬ್ಬಳ ಕಥೆ ಹೇಳಲು ಹೊರಟು ಕೊನೆಗೆ ಇಬ್ಬರು ಗಂಡಸರ ಬಗ್ಗೆಯೇ ಗಂಟೆಗಟ್ಟಲೆ ಮಾತಾಡುವುದು ನಮ್ಮ ತರಗತಿಗಳಲ್ಲಿ ಎಷ್ಟು ಸಲ ಆಗುತ್ತದೆ ಎಂಬುದನ್ನು ನೆನೆದರೆ, ಆ ಶಿಕ್ಷಕಿಯ ಸಂಯಮದ ಬೆಲೆ ತಿಳಿಯುತ್ತದೆ.

ಇನ್ನೂ ಮೆಚ್ಚಬೇಕಾದದ್ದು ಆಮೇಲೆ ನಡೆದ ಚರ್ಚೆ. "ಹಾಗಾದರೆ ಇಂಗ್ಲಿಷರನ್ನು ಕರೆದುಕೊಂಡು ಬಂದದ್ದು ಸರಿಯಾ ಮಿಸ್?" ಎಂದು ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ರಾಣಿಯವರನ್ನು ಹೊಗಳಲೆಂದೇ ಬಂದವರಾಗಿದ್ದರೆ ಈ ಪ್ರಶ್ನೆಯನ್ನು ತಳ್ಳಿಹಾಕುತ್ತಿದ್ದರು. ಇಲ್ಲಿ ಲೆಕ್ಕವನ್ನೇ ಮುಂದಿಟ್ಟರು. 1799ರ ಸಹಾಯಕ ಸೈನ್ಯದ ಒಪ್ಪಂದದಂತೆ ಮೈಸೂರು ವರ್ಷಕ್ಕೆ 7 ಲಕ್ಷ ವರಹಗಳ ಕಪ್ಪ ಕೊಡಬೇಕಾಗಿ ಬಂದದ್ದನ್ನೂ, 1831ರಲ್ಲಿ ಕಂಪನಿಯೇ ಆಡಳಿತವನ್ನು ವಹಿಸಿಕೊಂಡದ್ದನ್ನೂ, 1881ರವರೆಗೆ ಬ್ರಿಟಿಷರು ಅದನ್ನು ಬಿಟ್ಟುಕೊಡದೆ ಇದ್ದದ್ದನ್ನೂ ವಿವರಿಸಿ, ಕಾವಲಿನಲ್ಲಿದ್ದ ಒಬ್ಬ ವಿಧವೆಗೆ ಆಗ ಬೇರೆ ಯಾವ ದಾರಿಗಳಿದ್ದವು ಎಂಬುದನ್ನು ಯೋಚಿಸಿ ಬರೆಯಲು ಹೇಳಿದರು. ಮಕ್ಕಳ ಉತ್ತರಗಳು ಒಂದೇ ಬಗೆಯಲ್ಲಿರಲಿಲ್ಲ. ಮರೆತುಹೋದ ಹೆಣ್ಣನ್ನು ನೆನಪಿಗೆ ತರುವುದೆಂದರೆ ಆಕೆಯನ್ನು ದೇವಿಯನ್ನಾಗಿ ಮಾಡುವುದು ಎಂದು ತಿಳಿದವರು ಈ ಒಂದು ತರಗತಿಯನ್ನಾದರೂ ನೋಡಬೇಕು.

ಎರಡನೆಯ ಭಾನುವಾರದ ವಿಷಯ ಒಂದು ವರ್ಣಚಿತ್ರ. 1805ರಲ್ಲಿ ಥಾಮಸ್ ಹಿಕ್ಕಿ ಎಂಬ ಐರಿಷ್ ಚಿತ್ರಕಾರ ಮೈಸೂರಿನ ಮೂವರು ಸ್ತ್ರೀಯರನ್ನು ಚಿತ್ರಿಸಿದ. ಬಹುಕಾಲ ಇವರನ್ನು ನರ್ತಕಿಯರೋ ವೇಶ್ಯೆಯರೋ ಇರಬೇಕೆಂದು ಬಗೆಯಲಾಗಿತ್ತು. ಕೇಂಬ್ರಿಜ್‌ನ ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅದನ್ನು ಅಲ್ಲಗಳೆದು, ಇವರು ಒಡೆಯರ ರಾಣೀವಾಸದವರು, ಬಲಗಡೆ ಇರುವ ಎಳೆಯ ಹುಡುಗಿ ಮುಮ್ಮಡಿಯವರ ರಾಣಿ ದೇವಾಜಮ್ಮಣ್ಣಿ, ಸಿಡುಬಿನ ಹೊಸ ಲಸಿಕೆಯನ್ನು ಪ್ರಚಾರ ಮಾಡಲೆಂದೇ ಈ ಚಿತ್ರ ಬರೆಸಲಾಯಿತು ಎಂದು ವಾದಿಸಿದ್ದಾರೆ. ಶಿಬಿರದವರು ಚಿತ್ರದ ದೊಡ್ಡ ಪ್ರತಿಯನ್ನು ಗೋಡೆಗೆ ಅಂಟಿಸಿ, ಇದಾವುದನ್ನೂ ಹೇಳದೆ, ಕಂಡದ್ದನ್ನು ಮಾತ್ರ ಬರೆಯಿರಿ ಎಂದರು. ಒಡವೆ, ಸೀರೆಯ ಅಂಚು, ಹೂವು ಎಂದೆಲ್ಲ ಬರೆದಾದ ಮೇಲೆ, ನಮ್ಮ ಶಾಲೆಯ ಹುಡುಗನೊಬ್ಬ ಹತ್ತಿರ ಹೋಗಿ ನೋಡಿ, ಬಲಗಡೆಯವಳು ಸೆರಗನ್ನು ಸರಿಸಿ ಎಡತೋಳನ್ನು ಬೇಕೆಂದೇ ತೋರಿಸುತ್ತಿರುವ ಹಾಗಿದೆ ಎಂದ. ಎಡಗಡೆಯ ಸ್ತ್ರೀಯ ಮೂಗು ಬಾಯಿಗಳ ಸುತ್ತ ಬಣ್ಣ ಸ್ವಲ್ಪ ಬೇರೆಯಾಗಿರುವುದನ್ನು ಇನ್ನೊಬ್ಬಳು ಗುರುತಿಸಿದಳು. ಅನಂತರವೇ ಶಿಕ್ಷಕರು ಬಾಯಿ ಬಿಟ್ಟದ್ದು: ತೋಳು ಲಸಿಕೆ ಚುಚ್ಚುವ ಜಾಗ, ಮುಖದ ಮೇಲಿನ ಕಲೆ, ಸಿಡುಬಿನ ಗುಳ್ಳೆಯ ಹುಡಿಯನ್ನು ಮೂಗಿಗೆ ಏರಿಸುತ್ತಿದ್ದ ಹಳೆಯ ಪದ್ಧತಿಯ ಗುರುತಿರಬಹುದು.

ಎಡ್ವರ್ಡ್ ಜೆನ್ನರ್ ಲಸಿಕೆಯನ್ನು ಪ್ರಯೋಗಿಸಿ ನೋಡಿದ್ದು 1796ರಲ್ಲಿ. ಭಾರತದಲ್ಲಿ ಮೊದಲು ಲಸಿಕೆ ಪಡೆದದ್ದು 1802ರ ಜೂನ್ 14ರಂದು ಮುಂಬಯಿಯ ಮೂರು ವರ್ಷದ ಆನಾ ಡಸ್ಟ್‌ಹಾಲ್ ಎಂಬ ಹೆಣ್ಣುಮಗು. ತೋಳಿನಿಂದ ತೋಳಿಗೆ ಗುಳ್ಳೆಯ ದ್ರವವನ್ನು ದಾಟಿಸಿಯೇ ಲಸಿಕೆ ಹಾಕಬೇಕಾಗಿದ್ದ ಆ ಕಾಲದಲ್ಲಿ, ಮಡಿ ಮೈಲಿಗೆಯ ಭಯವನ್ನು ಮೀರಿ ಅರಮನೆಯ ಹೆಣ್ಣುಮಕ್ಕಳು ಮುಂದೆ ಬಂದದ್ದು ಜನರಿಗೆ ಧೈರ್ಯ ಕೊಟ್ಟಿತು. ಕೋವಿಡ್ ಲಸಿಕೆಗಾಗಿ ಸಾಲಿನಲ್ಲಿ ನಿಂತ ಮನೆಯವರನ್ನು ಕಂಡ ಮಕ್ಕಳಿಗೆ ಇದು ದೂರದ ಸಂಗತಿಯೆನಿಸಲಿಲ್ಲ. ಚಾನ್ಸೆಲರ್ ಅವರದು ಒಂದು ವಾದ, ಚಿತ್ರದ ಮೇಲೆ ಯಾರ ಹೆಸರನ್ನೂ ಬರೆದಿಲ್ಲ ಎಂಬುದನ್ನು ಶಿಕ್ಷಕರು ಮುಚ್ಚಿಡಲಿಲ್ಲ. ವಾದವನ್ನು ಒಪ್ಪಿದವರು ಮತ್ತು ಒಪ್ಪದವರು ಎಂದು ಎರಡು ಗುಂಪು ಮಾಡಿ, ಚಿತ್ರದಲ್ಲಿ ಕಂಡದ್ದನ್ನೇ ಆಧಾರವಾಗಿಟ್ಟುಕೊಂಡು ಮಾತನಾಡಿಸಿದರು. ಇಡೀ ಶಿಬಿರದಲ್ಲಿ ನಾನು ಕಂಡ ಅತ್ಯುತ್ತಮ ಪಾಠ ಇದು. ಬೇರೇನೂ ಇಲ್ಲದಿದ್ದರೂ ಇದೊಂದಕ್ಕಾಗಿ ಶುಲ್ಕ ಕೊಡಬಹುದು.

ಮೂರನೆಯ ವಾರದ ಮೈಸೂರು ನಡಿಗೆ ಅಷ್ಟು ಚೆನ್ನಾಗಿ ಬರಲಿಲ್ಲ. ನಡಿಗೆಯ ಯೋಚನೆ ಒಳ್ಳೆಯದು: ವಿ.ವಿ. (ವಾಣಿವಿಲಾಸ) ಮೊಹಲ್ಲಾದಲ್ಲಿ ಮನೆ ಮಾಡಿಕೊಂಡವರೂ, ವಾಣಿವಿಲಾಸ ನೀರು ಸರಬರಾಜು ಕೇಂದ್ರದ ನೀರು ಕುಡಿಯುವವರೂ, ಚೆಲುವಾಂಬ ಆಸ್ಪತ್ರೆಯಲ್ಲಿ ಹುಟ್ಟಿದವರೂ ಆ ಹೆಸರಿನವರು ಯಾರೆಂದು ತಿಳಿದುಕೊಳ್ಳಲಿ ಎಂಬುದು. 1894ರ ಡಿಸೆಂಬರ್ ಕೊನೆಯಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ಅಕಾಲ ಮರಣಕ್ಕೆ ತುತ್ತಾದಾಗ, ಇನ್ನೂ ಮೂವತ್ತು ತುಂಬದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು, ಅಂದರೆ ವಾಣಿವಿಲಾಸ ಸನ್ನಿಧಾನದವರು, ಮಗ ಪ್ರಾಪ್ತವಯಸ್ಕನಾಗುವವರೆಗೆ ರೀಜೆಂಟರಾಗಿ ರಾಜ್ಯಭಾರದ ಹೊಣೆ ಹೊತ್ತರು. 1897ರಲ್ಲಿ ಹಳೆಯ ಅರಮನೆ ಸುಟ್ಟುಹೋದದ್ದು, ಮರುವರ್ಷ ಪ್ಲೇಗು ಬಂದದ್ದು, ಮಾರಿಕಣಿವೆ ಅಣೆಕಟ್ಟಿನ ಕೆಲಸ ಆರಂಭವಾದದ್ದು, ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದು, ಎಲ್ಲವೂ ಅವರ ಆಡಳಿತದ ಅವಧಿಯಲ್ಲಿ. ಪಠ್ಯಪುಸ್ತಕಗಳಲ್ಲಿ ಈ ಕೆಲಸಗಳ ಪಕ್ಕದಲ್ಲಿ ದಿವಾನರ ಹೆಸರಿರುತ್ತದೆ, ರೀಜೆಂಟರ ಹೆಸರಿರುವುದು ಅಪರೂಪ.

ಇಷ್ಟೊಂದು ಸರಕಿದ್ದರೂ ಆ ದಿನ ದಾಖಲೆ ಕೈಗೆ ಕೊಡಲಿಲ್ಲ. ಬಿಸಿಲಿನಲ್ಲಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ನಡೆಸಿ, ಫಲಕದ ಮುಂದೆ ನಿಲ್ಲಿಸಿ, ಭಾಷಣ ಮಾಡಿದರು. ಸಯ್ಯಾಜಿರಾವ್ ರಸ್ತೆಯ ಗದ್ದಲದಲ್ಲಿ ಹಿಂದೆ ನಿಂತವರಿಗೆ ಮಾತು ಕೇಳಿಸುತ್ತಿರಲಿಲ್ಲ. ದಿವಾನರು ಸಲಹೆ ಕೊಟ್ಟದ್ದೆಷ್ಟು, ರೀಜೆಂಟರು ತೀರ್ಮಾನಿಸಿದ್ದೆಷ್ಟು ಎಂದು ಒಬ್ಬ ಹುಡುಗ ಕೇಳಿದ ಪ್ರಶ್ನೆ ಬಹಳ ಒಳ್ಳೆಯದಾಗಿತ್ತು. ಅದಕ್ಕೆ ಸಿಕ್ಕಿದ ಉತ್ತರ ಮಾತ್ರ "ಅವರು ಮಹಾತಾಯಿ" ಎಂಬಷ್ಟೇ. ರಾಣಿಯವರು ಒಡವೆ ಮಾರಿ ಕನ್ನಂಬಾಡಿ ಕಟ್ಟೆ ಕಟ್ಟಿಸಿದರು ಎಂಬ ಜನಜನಿತ ಕಥೆಯನ್ನೂ ಅಂದು ಪ್ರಶ್ನೆಯಿಲ್ಲದೆ ಹೇಳಿಬಿಟ್ಟರು. ಹಿಂದಿನ ವಾರ ಒಂದು ಚಿತ್ರಕ್ಕೆ ಅಷ್ಟು ಕಟ್ಟುನಿಟ್ಟಾಗಿ ಆಧಾರ ಕೇಳಿದವರು ಈ ಕಥೆಗೂ ಆಧಾರ ಕೇಳುವುದನ್ನು ಕಲಿಸಬೇಕಾಗಿತ್ತು. ಊಟದ ಹೊತ್ತಿಗೆ ಈ ಮಾತನ್ನು ನಾನು ಅವರಲ್ಲಿ ಹೇಳಿದೆ. ಮುಂದಿನ ತಂಡಕ್ಕೆ ಆ ಕಾಲದ ಆಡಳಿತ ವರದಿಗಳ ಪುಟಗಳನ್ನು ಸೇರಿಸುವುದಾಗಿ ಒಪ್ಪಿಕೊಂಡರು.

ನಾಲ್ಕನೆಯ ವಾರ ಶಾಸನದ ಪಾಠ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ ಸಿಕ್ಕ 1057ರ ಶಾಸನ ಕನ್ನಡ ಓದಿದವರಿಗೆ ಪರಿಚಿತ. ಏಚ ಎಂಬಾತ ಮಲ್ಲಯುದ್ಧದಲ್ಲಿ ಅರಸನ ಬಂಧುವೊಬ್ಬನನ್ನು ಕೊಂದು, ಅದಕ್ಕಾಗಿ ಮರಣದಂಡನೆಗೆ ಗುರಿಯಾದ. ಆತನ ಹೆಂಡತಿ ದೇಕಬ್ಬೆ, ತಾಯಿ ತಂದೆ ನೆಂಟರೆಲ್ಲ ಬೇಡವೆಂದು ಅತ್ತು ಕರೆದರೂ ಕೇಳದೆ ಬೆಂಕಿಗೆ ಬಿದ್ದಳು. ಇಂಥ ಸಂಗತಿಯನ್ನು ಹದಿಹರೆಯದ ಮಕ್ಕಳ ಮುಂದೆ ಇಡುವುದು ಸರಿಯೆ ಎಂಬ ಅಳುಕು ನನಗೆ ಇತ್ತು. ಆದರೆ ಸತಿಯ ವಿಷಯ ಬಂದಾಗಲೆಲ್ಲ ರಾಜಾರಾಮ ಮೋಹನರಾಯರ ಹೆಸರನ್ನೂ 1829ರ ಕಾನೂನನ್ನೂ ಹೇಳಿ ಮುಗಿಸುವ ನಾವು, ಸತ್ತ ಹೆಣ್ಣಿನ ಹೆಸರನ್ನು ಒಮ್ಮೆಯೂ ಹೇಳುವುದಿಲ್ಲ. ದೇಕಬ್ಬೆಗೆ ಹೆಸರಿದೆ, ಊರಿದೆ, ಅಪ್ಪ ಅಮ್ಮ ಇದ್ದಾರೆ, ಆಕೆಯನ್ನು ತಡೆಯಲು ನೋಡಿದವರಿದ್ದಾರೆ.

ಪಾಠವನ್ನು ಬಹಳ ಎಚ್ಚರದಿಂದ ಮಾಡಿದರು. ಕಲ್ಲಿನ ಮೇಲಿನ ಮಾತು ಮೇಲ್ನೋಟಕ್ಕೆ ದೇಕಬ್ಬೆಯ ಮಾತು. ಆದರೆ ಅದನ್ನು ಪದ್ಯವಾಗಿ ಕಟ್ಟಿದವನು ಕವಿ, ಕೆತ್ತಿದವನು ಕಲ್ಲುಕುಟಿಗ, ಆಕೆಯ ಸಾವನ್ನು ಮೆಚ್ಚಿದ್ದು ಆ ಕಾಲದ ಸಮಾಜ. ಈ ಮೂವರನ್ನು ದಾಟಿ ಆ ಹೆಣ್ಣುಮಗಳ ಮನಸ್ಸಿನಲ್ಲಿ ಏನಿತ್ತೆಂದು ನಮಗೆ ಎಷ್ಟರ ಮಟ್ಟಿಗೆ ತಿಳಿದೀತು ಎಂಬುದನ್ನು ಮಕ್ಕಳೇ ಚರ್ಚಿಸಿದರು. "ಗಂಡ ಸತ್ತ ಮೇಲೆ ಅವಳಿಗೆ ಊಟಕ್ಕೇನು, ಜಾಗ ಯಾವುದು ಅಂತ ಕಲ್ಲಿನಲ್ಲಿ ಬರೆದಿಲ್ಲ" ಎಂದು ಒಬ್ಬಳು ಹೇಳಿದ ಮಾತಿಗೆ ಹಜಾರದಲ್ಲಿದ್ದ ಯಾರೂ ಉತ್ತರ ಕೊಡಲಿಲ್ಲ. ಇಷ್ಟು ಚೆನ್ನಾಗಿ ನಡೆದ ಪಾಠಕ್ಕೂ ಒಂದು ಆಕ್ಷೇಪವಿದೆ. ಆ ದಿನದ ವಿಷಯ ಇದು ಎಂದು ಪೋಷಕರಿಗೆ ಮುಂಚಿತವಾಗಿ ತಿಳಿಸಿರಲಿಲ್ಲ. ಮನೆಯಲ್ಲಿ ಈಚೆಗೆ ಸಾವು ಕಂಡ ಮಗು ಆ ಗುಂಪಿನಲ್ಲಿ ಇರಬಹುದಲ್ಲವೆ? ಹಿಂದಿನ ವಾರವೇ ಒಂದು ವಾಟ್ಸಾಪ್ ಸಂದೇಶ ಕಳುಹಿಸಿದ್ದರೆ ಸಾಕಾಗಿತ್ತು.

ಐದನೆಯ ಭಾನುವಾರ ನಂಜನಗೂಡಿಗೆ ಹೋದೆವು. ಒಂದೇ ಊರಿನ ನಂಟಿರುವ ಮೂವರು ಮಹಿಳೆಯರನ್ನು ಒಟ್ಟಿಗೆ ತಂದದ್ದು ಒಳ್ಳೆಯ ಆಯ್ಕೆ. ನಂಜನಗೂಡು ತಿರುಮಲಾಂಬ 1887ರಲ್ಲಿ ಅಲ್ಲಿ ಹುಟ್ಟಿದವರು. ಹತ್ತನೆಯ ವಯಸ್ಸಿನಲ್ಲಿ ಮದುವೆ, ಹದಿನಾಲ್ಕರಲ್ಲಿ ಪ್ಲೇಗಿನಿಂದ ಪತಿಯ ಸಾವು. ನಮ್ಮ ಎಂಟನೆಯ ತರಗತಿಯ ಮಕ್ಕಳಿಗೂ ಅದೇ ವಯಸ್ಸು ಎಂಬುದನ್ನು ಯಾರೂ ಒತ್ತಿ ಹೇಳಬೇಕಾಗಲಿಲ್ಲ. ಮನೆಯಲ್ಲೇ ಓದಿ ಬೆಳೆದ ಅವರು 1913ರಲ್ಲಿ ಸತೀಹಿತೈಷಿಣೀ ಗ್ರಂಥಮಾಲೆಯನ್ನು ಆರಂಭಿಸಿದರು. ಕಾದಂಬರಿ, ನಾಟಕಗಳನ್ನು ಬರೆದರು. 'ಕರ್ನಾಟಕ ನಂದಿನಿ' ಪತ್ರಿಕೆಯನ್ನು ತಾವೇ ಸಂಪಾದಿಸಿ ಹೊರತಂದರು. ಅವರು ಬದುಕಿದ್ದದ್ದು 1982ರವರೆಗೆ. ಅಂದರೆ ನಮ್ಮ ಮಕ್ಕಳ ಅಪ್ಪ ಅಮ್ಮಂದಿರಲ್ಲಿ ಕೆಲವರು ಹುಟ್ಟುವವರೆಗೂ.

ಬೆಂಗಳೂರು ನಾಗರತ್ನಮ್ಮನವರು 1878ರಲ್ಲಿ ಹುಟ್ಟಿದ್ದೂ ನಂಜನಗೂಡಿನಲ್ಲೇ. ದೇವದಾಸಿ ಮನೆತನದ ಈ ಗಾಯಕಿ, 18ನೆಯ ಶತಮಾನದ ತೆಲುಗು ಕವಯಿತ್ರಿ ಮುದ್ದುಪಳನಿಯ ಕಾವ್ಯವನ್ನು ಹುಡುಕಿ ತೆಗೆದು, ಹಿಂದಿನವರು ಕೈಬಿಟ್ಟಿದ್ದ ಪದ್ಯಗಳನ್ನೂ ಸೇರಿಸಿ 1910ರಲ್ಲಿ ಅಚ್ಚು ಹಾಕಿಸಿದರು. ಅಶ್ಲೀಲವೆಂದು ಆಗಿನ ಸರ್ಕಾರ ಅದನ್ನು ನಿಷೇಧಿಸಿತು. ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದವರೂ, ಆರಾಧನೆಯಲ್ಲಿ ಹೆಣ್ಣುಮಕ್ಕಳಿಗೂ ಹಾಡುವ ಅವಕಾಶಕ್ಕಾಗಿ ಪಟ್ಟುಹಿಡಿದವರೂ ಅವರೇ. ಮರೆತುಹೋದ ಹೆಣ್ಣೊಬ್ಬಳನ್ನು ಮತ್ತೊಬ್ಬ ಹೆಣ್ಣು ಹುಡುಕಿ ತೆಗೆದ ಈ ಪ್ರಸಂಗ ಶಿಬಿರದ ಉದ್ದೇಶಕ್ಕೆ ತುಂಬ ಹತ್ತಿರವಾದದ್ದು. ಅದನ್ನು ಮಕ್ಕಳಿಗೆ ಹೇಳುವಾಗ ದೇವದಾಸಿ ಪದ್ಧತಿಯನ್ನು ಮುಜುಗರವಿಲ್ಲದೆ, ಹುಡುಗ ಹುಡುಗಿಯರಿಬ್ಬರ ಮುಂದೆಯೂ ಒಂದೇ ರೀತಿಯಲ್ಲಿ ವಿವರಿಸಿದರು. 1909ರಲ್ಲಿ ಮೈಸೂರು ಸರ್ಕಾರ ಮುಜರಾಯಿ ದೇವಾಲಯಗಳಲ್ಲಿ ಈ ಸೇವೆಯನ್ನು ನಿಲ್ಲಿಸಿದಾಗ, ಅದರಿಂದಲೇ ಜೀವನ ನಡೆಸುತ್ತಿದ್ದವರ ಗತಿ ಏನಾಯಿತು ಎಂಬ ಪ್ರಶ್ನೆಯೂ ಬಂತು. ಅಲ್ಲಿಂದ ಮಾತು ಆಸ್ಥಾನ ನರ್ತಕಿ ಜಟ್ಟಿ ತಾಯಮ್ಮನವರತ್ತಲೂ, ಅವರ ಬಳಿ ಎಂಟನೆಯ ವಯಸ್ಸಿಗೇ ಕಲಿಯಲು ಸೇರಿದ ಕಡೂರು ಕಡೆಯ ಲಂಬಾಣಿ ಕುಟುಂಬದ ವೆಂಕಟಲಕ್ಷ್ಮಮ್ಮನವರತ್ತಲೂ ಹೊರಳಿತು. ಅಭಿನಯಕ್ಕೆ ಹೆಸರಾದ ವೆಂಕಟಲಕ್ಷ್ಮಮ್ಮನವರು ಅರಮನೆಯಲ್ಲಿ ದಶಕಗಳ ಕಾಲ ನರ್ತಿಸಿ, 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯ ವಿಭಾಗ ಆರಂಭವಾದಾಗ ಅಲ್ಲಿ ಅಧ್ಯಾಪಕಿಯಾದರು, 1992ರಲ್ಲಿ ಪದ್ಮಭೂಷಣ ಪಡೆದರು. ಈ ಭಾಗಕ್ಕೆ ಇನ್ನಷ್ಟು ಹೊತ್ತು ಬೇಕಾಗಿತ್ತು. ಬಸ್ಸು ಹೊರಡುವ ಸಮಯವಾಯಿತೆಂದು ಮುಗಿಸಿಬಿಟ್ಟರು.

ಮೂರನೆಯವರು ರಾಜೇಶ್ವರಿ ಚಟರ್ಜಿ. ನಂಜನಗೂಡಿನ ವಕೀಲರೊಬ್ಬರ ಮಗಳಾದ ಇವರು ಗಣಿತದಲ್ಲಿ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಮೊದಲಿಗರಾಗಿ ತೇರ್ಗಡೆಯಾಗಿ, ಭಾರತೀಯ ವಿಜ್ಞಾನ ಸಂಸ್ಥೆ ಸೇರಿ, ಅಮೆರಿಕದ ಮಿಷಿಗನ್‌ನಲ್ಲಿ 1953ರಲ್ಲಿ ಡಾಕ್ಟರೇಟ್ ಪಡೆದು, ಮರಳಿ ಬಂದು ಮೈಕ್ರೋವೇವ್ ಮತ್ತು ಆಂಟೆನಾ ಕ್ಷೇತ್ರದಲ್ಲಿ ದುಡಿದವರು. ವಿಜ್ಞಾನ ವಿಷಯ ತೆಗೆದುಕೊಳ್ಳಬೇಕೆಂದಿರುವ ನಮ್ಮ ಶಾಲೆಯ ಇಬ್ಬರು ಹುಡುಗಿಯರು ಈ ಹೆಸರನ್ನು ತಮ್ಮ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡದ್ದನ್ನು ಆಮೇಲೆ ಕಂಡೆ.

ಕೊನೆಯ ಭಾನುವಾರ ಮಕ್ಕಳದೇ ಕೆಲಸ. ತಮ್ಮ ಮನೆ, ಬೀದಿ ಅಥವಾ ಊರಿನ ಒಬ್ಬ ಮಹಿಳೆಯ ಬಗ್ಗೆ, ಕನಿಷ್ಠ ಒಂದು ಕಾಗದದ ಆಧಾರವನ್ನಿಟ್ಟುಕೊಂಡು, ಎರಡು ಪುಟ ಬರೆದು ತರಬೇಕು ಎಂಬುದು ನಿಯಮ. ಹಳೆಯ ಪಹಣಿ, ಶಾಲೆಯ ದಾಖಲಾತಿ ಪುಸ್ತಕ, ಪಡಿತರ ಚೀಟಿ, ಮದುವೆಯ ಲಗ್ನಪತ್ರಿಕೆ, ಯಾವುದಾದರೂ ಆದೀತು. ಮದ್ದೂರು ಕಡೆಯಿಂದ ಬರುವ ನಮ್ಮ ವಿದ್ಯಾರ್ಥಿನಿಯೊಬ್ಬಳು ತನ್ನ ಊರಿನ ಸೂಲಗಿತ್ತಿಯ ಬಗ್ಗೆ ಬರೆಯಲು ಹೊರಟಳು. ತೀರಿಕೊಂಡು ಎಷ್ಟೋ ವರ್ಷವಾಗಿದ್ದ ಆ ಮುದುಕಿಯ ಕೈಯಲ್ಲಿ ಹುಟ್ಟಿದವರು ಆ ಬೀದಿಯಲ್ಲಿ ಈಗಲೂ ಇದ್ದಾರೆ. ಆದರೂ ಹೆಸರು ಕೇಳಿದರೆ ಎಲ್ಲರೂ "ಸೂಲ್ಗಿತ್ತಮ್ಮ" ಎನ್ನುವವರೇ. ಕೊನೆಗೆ ಆಕೆಯ ಹೆಸರು ಸಿಕ್ಕಿದ್ದು ಹಳೆಯ ಮತದಾರರ ಪಟ್ಟಿಯ ಒಂದು ಪುಟದಲ್ಲಿ, ಗಂಡನ ಹೆಸರಿನ ಮುಂದೆ. ಹುಡುಗಿ ಆ ಪುಟದ ಜೆರಾಕ್ಸ್ ಪ್ರತಿಯನ್ನು ತಂದು, ಆ ಸಾಲಿನ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, ಆಕೆಯ ಕೈಯಲ್ಲಿ ಹುಟ್ಟಿದವರಿಂದ ಕೇಳಿ ತಿಳಿದುಕೊಂಡ ಮಾತುಗಳನ್ನು ಕೆಳಗೆ ಬರೆದಿದ್ದಳು: ಹೆರಿಗೆಯ ಮನೆಗೆ ಏನೇನು ಒಯ್ಯುತ್ತಿದ್ದಳು, ಬಾಣಂತಿಗೆ ಯಾವ ಕಷಾಯ ಹೇಳುತ್ತಿದ್ದಳು, ಕೂಲಿಯೆಂದು ರಾಗಿಯನ್ನೋ ಸೀರೆಯನ್ನೋ ಹೇಗೆ ಪಡೆಯುತ್ತಿದ್ದಳು ಎಂಬುದೆಲ್ಲ.

ಶಿಕ್ಷಕಿಯರಲ್ಲಿ ಒಬ್ಬರು ಅದನ್ನು ಕೇಳಿ, 1951–52ರ ಮೊದಲ ಮಹಾಚುನಾವಣೆಯ ಸಂಗತಿಯನ್ನು ಹೇಳಿದರು. ಉತ್ತರ ಮತ್ತು ಮಧ್ಯ ಭಾರತದ ಬಹಳಷ್ಟು ಹೆಂಗಸರು ಪರಪುರುಷನ ಮುಂದೆ ತಮ್ಮ ಹೆಸರು ಹೇಳಲು ಒಪ್ಪದೆ, ಇಂಥವರ ಹೆಂಡತಿ, ಇಂಥವರ ಮಗಳು ಎಂದೇ ಬರೆಸಿದ್ದರು. ಚುನಾವಣಾ ಆಯುಕ್ತ ಸುಕುಮಾರ ಸೇನ್ ಅದನ್ನು ಒಪ್ಪದೆ, ಸ್ವಂತ ಹೆಸರು ಕೊಡದವರನ್ನು ಪಟ್ಟಿಯಿಂದ ಕೈಬಿಡಿಸಿದರು. ದೇಶದ ಸುಮಾರು 8 ಕೋಟಿ ಮಹಿಳಾ ಮತದಾರರಲ್ಲಿ 28 ಲಕ್ಷದಷ್ಟು ಮಂದಿ ಹೀಗೆ ಮತ ಕಳೆದುಕೊಂಡರು. ಮತದಾರರ ಪಟ್ಟಿಯಲ್ಲಿ ಹೆಣ್ಣಿನ ಸ್ವಂತ ಹೆಸರು ಇರುವುದು ಎಷ್ಟು ದೊಡ್ಡ ವಿಷಯ ಎಂಬುದು ಮಕ್ಕಳಿಗೆ ಅರ್ಥವಾದದ್ದು ಆಗ. ಮರುದಿನ ನಮ್ಮ ಶಾಲೆಯ ಹಳೆಯ ದಾಖಲಾತಿ ಪುಸ್ತಕವನ್ನು ನೋಡಬಹುದೆ ಎಂದು ಅವರೇ ಬಂದು ಕೇಳಿದರು.

ಶಿಬಿರದ ಬಗ್ಗೆ ನನ್ನ ಮುಖ್ಯ ಆಕ್ಷೇಪವೂ ಇಲ್ಲಿಂದಲೇ ಹುಟ್ಟುತ್ತದೆ. ಆರು ವಾರಗಳಲ್ಲಿ ಮೊದಲ ಮೂರು ಪೂರ್ತಿ ಅರಮನೆಯಲ್ಲೇ ಕಳೆದವು. ಮೈಸೂರಿನವರಿಗೆ ಅರಮನೆಯ ಮೇಲಿರುವ ಅಭಿಮಾನ ನನಗೂ ಇದೆ, ಅರಮನೆಯ ದಾಖಲೆಗಳು ಸುಲಭವಾಗಿ ಸಿಗುತ್ತವೆ ಎಂಬುದೂ ನಿಜ. ಆದರೆ ಕನ್ನಂಬಾಡಿ ಕಟ್ಟೆಯ ಕೆಲಸದಲ್ಲಿ ಕಲ್ಲು ಮಣ್ಣು ಹೊತ್ತ ಹೆಂಗಸರು, ವಿಶ್ವೇಶ್ವರಯ್ಯ ನಾಲೆಯ ನೀರು ಬಂದ ಮೇಲೆ ಮಂಡ್ಯದ ಗದ್ದೆಗಳಲ್ಲಿ ನಾಟಿ ಹಾಕಿ ಕಬ್ಬು ಕಡಿದವರು, ರೇಷ್ಮೆ ಗೂಡು ಬಿಚ್ಚಿದವರು, ಮೈಸೂರಿನ ಕೇರಿಗಳಲ್ಲಿ ಮನೆಯಲ್ಲೇ ಕೂತು ಬೀಡಿ ಕಟ್ಟಿದ, ಅಗರಬತ್ತಿ ಹೊಸೆದ ದಲಿತ ಮತ್ತು ಮುಸ್ಲಿಂ ಮಹಿಳೆಯರು, ಇವರಲ್ಲಿ ಒಬ್ಬರೂ ಶಿಬಿರದ ಕಡತದಲ್ಲಿಲ್ಲ. ಅರಮನೆಯ ಊಳಿಗದವರತ್ತಲಾದರೂ ತಿರುಗಬಹುದಾಗಿತ್ತು. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆ ಅಡಿಕೆಯ ಸಂಚಿ ಹಿಡಿಯುತ್ತಿದ್ದ ಯಳಂದೂರಿನ ಹೊನ್ನಮ್ಮ 'ಹದಿಬದೆಯ ಧರ್ಮ' ಬರೆದ ಕವಯಿತ್ರಿಯಾದಳು. ಪತಿವ್ರತೆಯ ಧರ್ಮವನ್ನು ಹೇಳುವ ಆ ಕಾವ್ಯದೊಳಗೇ ಹೆಣ್ಣೆಂದು ಹೀಗಳೆಯುವವರನ್ನು ಖಂಡಿಸಿದಳು. ಊಳಿಗದ ಹೆಣ್ಣಿಗೆ ಓದು ಹೇಗೆ ದಕ್ಕಿತು, ಅರಸನ ಆಶ್ರಯದಲ್ಲಿ ಎಷ್ಟು ಮಾತ್ರ ಹೇಳಲು ಸಾಧ್ಯವಿತ್ತು ಎಂದು ಕೇಳಿ ಚರ್ಚಿಸಲು ಅದಕ್ಕಿಂತ ಒಳ್ಳೆಯ ಉದಾಹರಣೆ ಮೈಸೂರು ಸೀಮೆಯಲ್ಲಿ ಬೇಕೆ?

ಸಣ್ಣಪುಟ್ಟ ಕೊರತೆಗಳನ್ನೂ ಹೇಳಿಬಿಡುತ್ತೇನೆ. ಕಡತದಲ್ಲಿ ಕೆಲವು ಹಾಳೆಗಳು ಇಂಗ್ಲಿಷಿನಲ್ಲೇ ಇವೆ, ಕನ್ನಡ ಮಾಧ್ಯಮದ ಮಕ್ಕಳು ಅಲ್ಲಿ ತಡವರಿಸುತ್ತಾರೆ. ಹುಡುಗರ ಸಂಖ್ಯೆ ಹುಡುಗಿಯರ ಅರ್ಧದಷ್ಟೂ ಇರಲಿಲ್ಲ. ಇದು ಹೆಣ್ಣುಮಕ್ಕಳ ಶಿಬಿರ ಎಂದು ಪೋಷಕರು ಭಾವಿಸಿದ್ದರಿಂದ ಹೀಗಾಗಿದ್ದರೆ, ಪ್ರಕಟಣೆಯಲ್ಲೇ ಹುಡುಗರನ್ನೂ ಕಳುಹಿಸಿ ಎಂದು ಸ್ಪಷ್ಟವಾಗಿ ಬರೆಯುವುದು ಒಳ್ಳೆಯದು. ಊಟ ಚೆನ್ನಾಗಿತ್ತು, ಕುಡಿಯುವ ನೀರು ಮತ್ತು ಹೆಣ್ಣುಮಕ್ಕಳಿಗೆ ಶೌಚಾಲಯದ ವ್ಯವಸ್ಥೆಯನ್ನು ಹೊರಗೆ ಹೋದಾಗಲೂ ಮೊದಲೇ ನೋಡಿಕೊಂಡಿದ್ದರು. ಇಂಥ ಪ್ರವಾಸಗಳಲ್ಲಿ ಇದು ಅಪರೂಪ.

ಒಟ್ಟಿನಲ್ಲಿ ಒಂಬತ್ತು ಮತ್ತು ಹತ್ತನೆಯ ತರಗತಿಯ ಮಕ್ಕಳನ್ನು ಧೈರ್ಯವಾಗಿ ಕಳುಹಿಸಬಹುದು. ಎಂಟನೆಯ ತರಗತಿಯವರಾದರೆ ನಾಲ್ಕನೆಯ ವಾರಕ್ಕೆ ಮುಂಚೆ ಮನೆಯವರು ಒಮ್ಮೆ ಸಂಘಟಕರೊಡನೆ ಮಾತಾಡಿಕೊಳ್ಳಲಿ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಇದರಿಂದ ಅಂಕ ಬರುತ್ತದೆಯೆ ಎಂದು ಕೇಳಿದ ಪೋಷಕರಿಗೆ ನಾನು ಕೊಟ್ಟ ಉತ್ತರವಿದು: ನೇರವಾಗಿ ಬರುವುದಿಲ್ಲ, ಆದರೆ ಆಧಾರ ಕೊಟ್ಟು ಉತ್ತರ ಬರೆಯುವುದನ್ನು ಕಲಿಯುತ್ತಾರೆ. ಮಂಡ್ಯದಿಂದ ಹೋಗುವವರು ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಹೊರಟರೆ ಅನುಕೂಲ, ಮೈಸೂರು ನಿಲ್ದಾಣದಿಂದ ಸಿಟಿ ಬಸ್ಸು ಸಿಗುತ್ತದೆ. ದಸರೆಯ ನಂತರದ ತಂಡಕ್ಕೆ ಹೆಸರು ಬರೆಸುವವರು, ಶ್ರಮಿಕ ಮಹಿಳೆಯರ ಬಗ್ಗೆ ಒಂದು ಭಾನುವಾರವನ್ನು ಸೇರಿಸಿರಿ ಎಂದು ಸಂಘಟಕರನ್ನು ಕೇಳಿಕೊಳ್ಳಬೇಕೆಂದು ನನ್ನ ವಿನಂತಿ. ನಾನು ಬರೆದು ಕೊಟ್ಟು ಬಂದಿದ್ದೇನೆ; ಇನ್ನೂ ಹತ್ತು ಮಂದಿ ಕೇಳಿದರೆ ಖಂಡಿತ ಸೇರಿಸುತ್ತಾರೆ.